ನದಿ ನಾಲೆಗಳಿಲ್ಲದ ಜಿಲ್ಲೆ ಎಂಬ ಕಟ್ಟುಕತೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಮೈಕು ಕಟ್ಟಿ ಯಾರೇ ಭಾಷಣಕ್ಕೆ ನಿಲ್ಲಲಿ, ಯಾವ ಪಕ್ಷದ ಶಾಲನ್ನೇ ಹೊದ್ದಿರಲಿ, ನಾಲ್ಕು ಮಾತು ಮುಗಿಯುವುದರೊಳಗೆ ಒಂದು ಮಾತು ಬಂದೇ ಬರುತ್ತದೆ: ‘ಯಾವುದೇ ನದಿ ನಾಲೆಗಳಿಲ್ಲದ ನಮ್ಮ ಬರಪೀಡಿತ ಜಿಲ್ಲೆ’. ಪತ್ರಿಕೆಗಳಿಗೂ ಇದು ರೂಢಿಯಾಗಿದೆ. ಕೋಲಾರ ಎಂದು ಬರೆದ ಕೂಡಲೇ ಬೆರಳು ತಾನಾಗಿ ‘ನದಿ ನಾಲೆಗಳಿಲ್ಲದ’ ಎಂದು ಸೇರಿಸುತ್ತದೆ, ಮದುವೆ ಪತ್ರಿಕೆಯಲ್ಲಿ ‘ಚಿ.’ ‘ಸೌ.’ ಸೇರಿಸಿದ ಹಾಗೆ. ಸಭೆಯಲ್ಲಿ ಕೂತವರು ತಲೆದೂಗುತ್ತಾರೆ. ನಾನೂ ಎಷ್ಟೋ ವರ್ಷ ತಲೆದೂಗಿದ್ದೇನೆ. ಆ ಮಾತಿನ ಬೆನ್ನಿಗೇ ಬರುವ ತೀರ್ಮಾನವೂ ಎಲ್ಲರಿಗೂ ಗೊತ್ತಿದ್ದದ್ದೇ. ನಮ್ಮಲ್ಲಿ ನದಿ ಇಲ್ಲ, ಆದ್ದರಿಂದ ಬೇರೆಯವರ ನದಿ ತರಬೇಕು. ನೇತ್ರಾವತಿ ಆಗಬಹುದು, ಕೃಷ್ಣೆ ಆಗಬಹುದು, ಏನೂ ಸಿಗದಿದ್ದರೆ ಬೆಂಗಳೂರಿನ ಮೋರಿ ನೀರೂ ಆಗಬಹುದು. ಅಲ್ಲಿಯವರೆಗೆ ನಾವು ಮಾಡಬೇಕಾದ್ದು ಏನೂ ಇಲ್ಲ.

ಈ ಮಾತು ಸುಳ್ಳು. ಬಡತನದ ಮಾತಿನ ಹಾಗೆ ಕೇಳುವುದರಿಂದ ಯಾರೂ ಇದನ್ನು ಪರೀಕ್ಷೆ ಮಾಡುವುದಿಲ್ಲ, ಅಷ್ಟೆ.

1892ನೇ ಇಸವಿ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಒಂದು ಒಪ್ಪಂದವಾಯಿತು. ಮೇಲಿರುವ ಮೈಸೂರಿನವರು ಕೆಲವು ನದಿಗಳ ಮೇಲೆ ಮದರಾಸಿನವರನ್ನು ಕೇಳದೆ ಹೊಸ ನೀರಾವರಿ ಕಟ್ಟಡ ಕಟ್ಟಕೂಡದು ಎಂಬುದು ಅದರ ತಿರುಳು. ಕಾವೇರಿ ಜಗಳದಲ್ಲಿ ನಾವೆಲ್ಲ ಬೈದುಕೊಂಡು ಬಂದ ಒಪ್ಪಂದವೇ ಇದು. ಆದರೆ ಅದರ ಪಟ್ಟಿಯನ್ನು ಓದಿದವರು ಕಮ್ಮಿ. ಮುಖ್ಯ ನದಿಗಳೆಂದು ಹೆಸರಿಸಿದ್ದು ಹದಿನೈದನ್ನು. ಅವುಗಳಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ದಕ್ಷಿಣ ಪಿನಾಕಿನಿ, ಈ ಐದೂ 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ಮುಂಚಿನ ನಮ್ಮ ಕೋಲಾರ ಸೀಮೆಯವು, ಬಹುಮಟ್ಟಿಗೆ ನಂದಿಬೆಟ್ಟದ ಆಸುಪಾಸಿನಲ್ಲಿ ಹುಟ್ಟಿದವು. ಹದಿನೈದಕ್ಕೆ ಐದು! ಮದರಾಸಿನ ಎಂಜಿನಿಯರುಗಳು ಇಲ್ಲದ ನದಿಗೆ ಹೆದರಿ ಕರಾರು ಬರೆಸಿಕೊಂಡರೆ? ಕೆಳಗಿನವರಿಗೆ ಕಂಡ ನದಿ ಮೇಲಿನವರಾದ ನಮಗೇ ಕಾಣದೆ ಹೋದದ್ದು ಹೇಗೆ?

ಕಾಣದಿರುವುದಕ್ಕೆ ಕಾರಣವಿದೆ. ನಮ್ಮ ನದಿ ಹರಿಯುವುದನ್ನು ಬಿಟ್ಟು ಬಹಳ ಕಾಲವಾಯಿತು. ಗಂಗರು, ಚೋಳರು, ವಿಜಯನಗರದವರು, ಅವರ ಕೈಕೆಳಗಿನ ಪಾಳೆಯಗಾರರು, ಊರಗೌಡರು, ದೇವದಾಸಿಯರು ಕೂಡ, ಹಳ್ಳದ ಒಂದೊಂದು ತಿರುವಿಗೂ ಒಂದೊಂದು ಏರಿ ಹಾಕಿದರು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನದಕ್ಕೆ, ಅದರ ಕೋಡಿ ಅದರ ಕೆಳಗಿನದಕ್ಕೆ. ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿ 1860ರ ದಶಕದಲ್ಲಿ ಈ ನೆಲವನ್ನೆಲ್ಲ ಸುತ್ತಿ, ಇಲ್ಲಿ ಇನ್ನೊಂದು ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ಬರೆದಿಟ್ಟಿದ್ದಾನೆ. ಅವಿಭಜಿತ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ ಕೆರೆಗಳು ಲೆಕ್ಕಕ್ಕೆ ಸಿಗುತ್ತವೆ. ಪಾಲಾರ್ ಎಲ್ಲಿ ಎಂದು ಕೇಳಿದರೆ ಬೇತಮಂಗಲಕ್ಕೆ ಹೋಗಿ ಏರಿಯ ಮೇಲೆ ನಿಲ್ಲಬೇಕು. ಕೆಜಿಎಫ್‌ನ ಗಣಿಗೂ ಕಾಲೊನಿಗೂ ನೀರು ಕುಡಿಸಿದ್ದು ಆ ಕೆರೆ. ಅದರ ಕೆಳಗೆ ರಾಮಸಾಗರ. ಅದೇ ಪಾಲಾರ್, ಮೆಟ್ಟಿಲು ಮೆಟ್ಟಿಲಾಗಿ ಇಳಿದು ಆಂಧ್ರ ಹೊಕ್ಕು ತಮಿಳುನಾಡಿಗೆ ಹೋಗುತ್ತದೆ. ಹಿಂದಿನವರು ನದಿಯನ್ನು ಊರೂರಿಗೆ ಹಂಚಿ ಮುಗಿಸಿದ್ದರು. ಹಂಚಿ ಮುಗಿಸಿದ್ದನ್ನು ನಾವು ‘ಇಲ್ಲ’ ಎಂದು ಓದಿಕೊಂಡೆವು.

ಒಂದು ಸಣ್ಣ ಲೆಕ್ಕ ಮಾಡೋಣ. ಈಗಿನ ಕೋಲಾರ ಜಿಲ್ಲೆಯ ವಿಸ್ತಾರ ಸುಮಾರು ನಾಲ್ಕು ಸಾವಿರ ಚದರ ಕಿಲೋಮೀಟರ್. ವರ್ಷದ ಸರಾಸರಿ ಮಳೆ 700 ಮಿಲಿಮೀಟರಿಗೆ ಕಮ್ಮಿಯಿಲ್ಲ. ಗುಣಿಸಿದರೆ ನೂರು ಟಿಎಂಸಿಯ ಆಸುಪಾಸು ಬರುತ್ತದೆ. ಅದರಲ್ಲಿ ಬಹುಪಾಲು ಬಿಸಿಲಿಗೆ, ಬೆಳೆಗೆ, ಮಾವಿನ ಮರಕ್ಕೆ ಹೋಗುತ್ತದೆ, ಒಪ್ಪಿದೆ. ಬರದ ವರ್ಷ ಮಳೆ ಅರ್ಧಕ್ಕೆ ಇಳಿದರೆ ಹರಿದು ಕೆರೆಗೆ ಬರುವ ಪಾಲು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೂ ನೂರಕ್ಕೆ ಐದು ಕೆರೆಗೆ ಬಂದರೂ ಅದು ಐದು ಟಿಎಂಸಿ. ಮಾರ್ಕಂಡೇಯ ನದಿಗೆ ಯರಗೋಳ್ ಹತ್ತಿರ ಕಟ್ಟಿದ ಅಣೆಕಟ್ಟು ಹಿಡಿಯುವುದು ಅರ್ಧ ಟಿಎಂಸಿ. ಅದಕ್ಕಾಗಿ ತಮಿಳುನಾಡಿನ ಜೊತೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2019ರ ನವೆಂಬರಿನಲ್ಲಿ ಅವರ ತಡೆ ಅರ್ಜಿ ವಜಾ ಆದಾಗ ಪಟಾಕಿ ಹೊಡೆಯುವಷ್ಟು ಸಂತೋಷಪಟ್ಟೆವು. ಅರ್ಧ ಟಿಎಂಸಿಗೆ ಇಷ್ಟು ಹೋರಾಡಬಲ್ಲ ನಾವು ತಲೆಯ ಮೇಲೆ ಬೀಳುವ ನೂರರ ಬಗ್ಗೆ ಒಂದು ಸಭೆಯನ್ನೂ ಕರೆದದ್ದಿಲ್ಲ.

ಈಗ ಹೊರಗಿನ ನೀರಿನ ವಿಚಾರಕ್ಕೆ ಬರುತ್ತೇನೆ. ನೇತ್ರಾವತಿಯ ಉಪನದಿ ಎತ್ತಿನಹೊಳೆಯ ನೀರನ್ನು ನಮ್ಮ ಕಡೆ ತಿರುಗಿಸುವ ಯೋಜನೆಗೆ 2014ರ ಮಾರ್ಚಿನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಯಿತು. ಆಗ ಅಂದಾಜು ಹದಿಮೂರು ಸಾವಿರ ಕೋಟಿಗೆ ಹತ್ತಿರವಿತ್ತು, ಈಗ ಇಪ್ಪತ್ಮೂರು ಸಾವಿರ ಕೋಟಿ ದಾಟಿದೆ. ಹತ್ತು ವರ್ಷದ ಮೇಲೆ, 2024ರ ಸೆಪ್ಟೆಂಬರಿನಲ್ಲಿ, ಸಕಲೇಶಪುರದ ಕಡೆ ಮೊದಲ ಹಂತದ ಪಂಪು ತಿರುಗಿಸಿ ಬಾಗಿನ ಅರ್ಪಿಸಿದರು. ಸಿಗುತ್ತದೆಂದು ಸರ್ಕಾರ ಹೇಳುವ ನೀರು 24.01 ಟಿಎಂಸಿ. ದಶಮಾಂಶದ ಆ ಸೊನ್ನೆ ಒಂದನ್ನು ನೋಡಿದರೆ ಯಾರೋ ಚೊಂಬಿನಲ್ಲಿ ಅಳೆದು ಬಂದಿದ್ದಾರೇನೋ ಅನ್ನಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಅದೇ ಹಳ್ಳಗಳ ಜಲಾನಯನವನ್ನು ಅಧ್ಯಯನ ಮಾಡಿ ಹೇಳಿದ್ದು 9.55 ಟಿಎಂಸಿ. ಎರಡರಲ್ಲಿ ಯಾವುದು ಸರಿ ಎಂಬ ವಾದ ಎಂಜಿನಿಯರುಗಳಿಗಿರಲಿ. ಏಳು ಜಿಲ್ಲೆಗಳು ಸಾಲಾಗಿ ನಿಂತ ಪಂಕ್ತಿಯಲ್ಲಿ ಕೊನೆಯ ಎಲೆ ನಮ್ಮದು. ಸಾರು ಖಾಲಿಯಾಗುವುದು ಯಾರ ಎಲೆಯ ಹತ್ತಿರ ಎಂದು ಊಟಕ್ಕೆ ಕೂತ ಯಾರಿಗಾದರೂ ಗೊತ್ತು.

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅದರ ಬಗ್ಗೆ ಮಾತೇ ಇಲ್ಲ. ಒಂದು ವರ್ಷದ ಬರ ಬೇರೆ, ವರ್ಷಗಟ್ಟಲೆ ಬಿಡದೆ ಬರುವ ಬರ ಬೇರೆ. ಎರಡನೆಯದು ಬಂದಾಗ ಅದು ಶ್ರೀನಿವಾಸಪುರಕ್ಕೆ ಮಾತ್ರ ಬರುವುದಿಲ್ಲ. 2016ರಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟೆಯ ತಳ ಕಂಡಿತ್ತು. 2019ರ ಬೇಸಿಗೆಯಲ್ಲೂ ಅಲ್ಲಿ ಸರದಿಯ ಮೇಲೆ ನೀರು ಬಿಟ್ಟರು. ಅದೇ ನೇತ್ರಾವತಿ! 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಮಲೆನಾಡಿನ ತಾಲ್ಲೂಕುಗಳೂ ಆ ಪಟ್ಟಿಯಲ್ಲಿದ್ದವು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದ ದಿನವೇ ಪಕ್ಕದ ಮನೆಯ ಡಬ್ಬವೂ ಖಾಲಿಯಾಗಿರುವಾಗ ‘ಸಾಲ ತರುತ್ತೇನೆ’ ಎಂದು ಲೋಟ ಹಿಡಿದು ಹೊರಡುವುದಕ್ಕೆ ಏನು ಅರ್ಥ?

ಬಿಡದೆ ಬರುವ ಬರ ಏನು ಮಾಡುತ್ತದೆಂದು ಅಮೆರಿಕದವರು ನೋಡಿದ್ದಾರೆ. ಅಲ್ಲಿ ಕೊಲರಾಡೊ ನದಿಯನ್ನು ಏಳು ರಾಜ್ಯಗಳು 1922ರಲ್ಲಿ ಹಂಚಿಕೊಂಡವು. ಲೆಕ್ಕ ಹಾಕಿದ್ದು ಮಳೆ ಚೆನ್ನಾಗಿ ಬಿದ್ದ ವರ್ಷಗಳ ಹರಿವಿನ ಮೇಲೆ. ಕಾಗದದಲ್ಲಿ ಬರೆದಷ್ಟು ನೀರು ನದಿಯಲ್ಲಿ ಇರಲೇ ಇಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬರ ಹಿಡಿದುಕೊಂಡಾಗ, 2022ರಲ್ಲಿ ಹೂವರ್ ಅಣೆಕಟ್ಟೆಯ ಹಿಂದಿನ ಮೀಡ್ ಸರೋವರ ಅದು ತುಂಬಿದ 1930ರ ದಶಕದಿಂದ ಈಚೆಗೆ ಎಂದೂ ಇಳಿಯದಷ್ಟು ಇಳಿದು, ಮುಳುಗಿದ್ದ ದೋಣಿಗಳು ಕೆಸರಿನಲ್ಲಿ ಎದ್ದವು. ಅವರ ಜಗಳ ಈಗ ಇರುವುದನ್ನು ಹಂಚುವ ಬಗ್ಗೆ ಅಲ್ಲ, ಇಲ್ಲದ್ದನ್ನು ಯಾರು ಎಷ್ಟು ಹೊರಬೇಕು ಎಂಬುದರ ಬಗ್ಗೆ. ದುಡ್ಡು, ಕಾಂಕ್ರೀಟು, ಕಂಪ್ಯೂಟರು ಯಾವುದಕ್ಕೂ ಕೊರತೆಯಿಲ್ಲದ ದೇಶವೇ ಅಲ್ಲಿಗೆ ಬಂದು ನಿಂತಿದೆ.

ಹೊರಗಿನ ನೀರೇ ಬೇಕೆನ್ನುವವರು ‘ಕುಪ್ಪಂ ನೋಡಿ’ ಎನ್ನುತ್ತಾರೆ. ಹೌದು, ಹಂದ್ರಿ–ನೀವಾ ಕಾಲುವೆಯಲ್ಲಿ ಕೃಷ್ಣಾ ನೀರು ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರದಿಂದ 2025ರಲ್ಲಿ ನಮ್ಮ ಗಡಿಯಾಚೆಯ ಕುಪ್ಪಂಗೆ ಬಂತು. ನೋಡಿದವರ ಹೊಟ್ಟೆ ಉರಿಯುವುದು ಸಹಜ. (ಅದೇ ವರ್ಷ ಜೂನಿನಲ್ಲಿ ಚಿತ್ತೂರು ಜಿಲ್ಲಾಡಳಿತ ನಮ್ಮ ತೋತಾಪುರಿ ಮಾವನ್ನು ಒಳಗೆ ಬಿಡುವುದಿಲ್ಲವೆಂದು ಗಡಿಯಲ್ಲಿ ತಡೆಯಿತು. ನಮ್ಮ ಕೋಡಿ ನೀರಿಗೆ ಅತ್ತ ಹೋಗಲು ಪರವಾನಗಿ ಬೇಕಿಲ್ಲ, ಮಾವಿನ ಲಾರಿಗೆ ಆಗ ಬೇಕಾಯಿತು.) ಆದರೆ ಆ ನೀರು ಶ್ರೀಶೈಲದಲ್ಲಿ ಮಟ್ಟ ಇದ್ದರೆ ಉಂಟು, ದಾರಿಯುದ್ದಕ್ಕೂ ಕರೆಂಟು ಇದ್ದರೆ ಉಂಟು, ರಾಯಲಸೀಮೆಯ ಮೇಲಿನ ತಾಲ್ಲೂಕುಗಳು ಬಿಟ್ಟರೆ ಉಂಟು. ಬರ ಎಂದರೆ ಈ ಮೂರೂ ಒಟ್ಟಿಗೆ ಕೈಕೊಡುವ ಕಾಲ.

ಕೆ.ಸಿ. ವ್ಯಾಲಿಯ ಮಾತನ್ನು ಇಷ್ಟು ಸಲೀಸಾಗಿ ತಳ್ಳಿಹಾಕಲಾರೆ. ನಮ್ಮ ತಾಲ್ಲೂಕಿನಿಂದ ಹಲವು ಸಲ ಗೆದ್ದು ವಿಧಾನಸಭೆಯ ಸಭಾಧ್ಯಕ್ಷರೂ ಆಗಿದ್ದ ಕೆ.ಆರ್. ರಮೇಶ್ ಕುಮಾರ್ ಬೆನ್ನಿಗೆ ಬಿದ್ದು ಮಾಡಿಸಿದ ಯೋಜನೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ ದಿನಕ್ಕೆ 44 ಕೋಟಿ ಲೀಟರ್ ಕೊಡುತ್ತೇವೆ, 126 ಕೆರೆ ತುಂಬಿಸುತ್ತೇವೆ ಎಂಬ ಮಾತು. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಹೂವು ಹಾಕಿದರು; ಮುಂದಿನ ತಿಂಗಳೇ ನೊರೆ ಎದ್ದು ಹೈಕೋರ್ಟು ತಡೆ ಕೊಟ್ಟಿತು; ಸುಪ್ರೀಂ ಕೋರ್ಟಿಗೂ ಹೋಗಿ ಬಂದು ನೀರು ಮತ್ತೆ ಹರಿಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೂಗುತ್ತಲೇ ಇದ್ದಾರೆ. ಅವರ ಕೂಗು ನ್ಯಾಯದ್ದು. ಹಾಗೆಯೇ, ಆ ಕೆರೆಗಳ ಸುತ್ತ ಬತ್ತಿದ ಬೋರುಗಳಲ್ಲಿ ನೀರು ಮೇಲೆ ಬಂದದ್ದೂ ನಿಜ. ಒಣಗಿ ಬಿರಿದ ಅಂಗಳದಲ್ಲಿ ಮತ್ತೆ ಕೊಕ್ಕರೆ ಕಂಡವರಿಗೆ ‘ಇದು ಬೇಡ’ ಎಂದು ನಾನು ಹೇಳುವುದಿಲ್ಲ.

ನನ್ನ ತಕರಾರು ಬೇರೆ. ಆ ನೀರು ಯಾರದ್ದು?

ನಿಯಮದ ಪ್ರಕಾರ ಆ ಕೆರೆಗೆ ಮೋಟಾರು ಇಡುವಂತಿಲ್ಲ, ತೂಬು ಎತ್ತುವಂತಿಲ್ಲ. ನೀರು ನಿಂತು ಇಂಗಬೇಕು, ಅಂತರ್ಜಲ ಏರಬೇಕು, ಅಷ್ಟೇ. ನೀರಿನ ಗುಣ ನೋಡಿದರೆ ಈ ನಿಯಮಕ್ಕೆ ಕಾರಣವಿದೆ. ಆದರೆ ಅದರ ಫಲ ಏನಾಯಿತು ನೋಡಿ. ಕೆರೆ ಊರೆಲ್ಲರದ್ದು, ಇಂಗಿದ ನೀರು ಬೋರು ಇದ್ದವನದ್ದು. ಏರಿಯ ಕೆಳಗೆ ಅರ್ಧ ಎಕರೆ ಗದ್ದೆ ಇಟ್ಟುಕೊಂಡು ತೂಬಿನ ನೀರಿಗೆ ಹಕ್ಕುದಾರನಾಗಿದ್ದವನ ಕೈಗೆ ಏನೂ ಬರಲಿಲ್ಲ. ಸಾವಿರದ ಇನ್ನೂರು ಅಡಿ ಕೊರೆಸಲು ಲಕ್ಷಗಟ್ಟಲೆ ಸುರಿಯಬಲ್ಲವನು ಟೊಮೆಟೊ ಇಟ್ಟ, ಎರಡಿಂಚು ನೀರು ಬಿತ್ತೆಂದು ಪಕ್ಕದ ಜಮೀನನ್ನೂ ಗುತ್ತಿಗೆಗೆ ಹಿಡಿದ. ಹತ್ತು ಎಚ್‌ಪಿವರೆಗೆ ಕರೆಂಟೂ ಪುಕ್ಕಟೆ. ಸಾರ್ವಜನಿಕ ದುಡ್ಡಿನಲ್ಲಿ ಸಾರ್ವಜನಿಕ ಕೆರೆ ತುಂಬಿಸಿ, ಅದರ ತಳಕ್ಕೆ ಖಾಸಗಿ ಕೊಳವೆ ಹಾಕಿದ್ದೇವೆ. 2011ರ ಅಂತರ್ಜಲ ಕಾಯ್ದೆ ಕೊರೆಯುವ ಮುಂಚೆ ಅನುಮತಿ ಬೇಕೆನ್ನುತ್ತದೆ. ತಿರುಚೆಂಗೋಡಿನ ರಿಗ್ ಲಾರಿ ರಾತ್ರಿ ಹನ್ನೊಂದಕ್ಕೆ ಊರೊಳಗೆ ಬರುವಾಗ ಆ ಕಾಯ್ದೆ ಮಲಗಿರುತ್ತದೆ.

ಇನ್ನೊಂದು ಸೋಜಿಗವಿದೆ. ಆ ನೀರು ಮೂಲದಲ್ಲಿ ಕಾವೇರಿ. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲೆತ್ತಿ ತಂದು ಬೆಂಗಳೂರು ಮಿಂದು ಬಿಟ್ಟದ್ದು. ಕನ್ನಂಬಾಡಿಯಲ್ಲಿ ಮಟ್ಟ ಇಳಿದರೆ ಬೆಂಗಳೂರಿನ ನಲ್ಲಿ ಸಣ್ಣಗಾಗುತ್ತದೆ, ನಲ್ಲಿ ಸಣ್ಣಗಾದರೆ ಮೋರಿಯೂ ಸಣ್ಣಗಾಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೇ ನೀರಿಲ್ಲದಾದಾಗ, ಕಟ್ಟಡ ಕೆಲಸಕ್ಕೆಲ್ಲ ಶುದ್ಧೀಕರಿಸಿದ ನೀರನ್ನೇ ಬಳಸಿ ಎಂದು ಅಲ್ಲಿಯವರು ಆಜ್ಞೆ ಮಾಡಿದರು. ನಾಳೆ ಅವರು ತಮ್ಮ ಕೊಳಚೆಯ ಬೆಲೆಯನ್ನು ಪೂರ್ತಿ ತಿಳಿದುಕೊಂಡ ದಿನ, ನಮಗೆ ಬರುವ ಪೈಪಿನ ಗತಿ ಏನು?

ಹಾಗಾದರೆ ಹಿಂದಿನವರು ಮಾಡಿದ್ದು ಏನು? ಬರ ಅವರಿಗೆ ಹೊಸದಾಗಿರಲಿಲ್ಲ. ನಮ್ಮಲ್ಲಿ ಅಕ್ಟೋಬರ್ ಮಳೆ ಮುಗಿದ ಮೇಲೆ ಕೆರೆಯ ಮಟ್ಟ ಇಷ್ಟೇ ಎಂದು ತಿಳಿದುಹೋಗುತ್ತದೆ, ಮುಂದೆ ಬೇಸಿಗೆಯವರೆಗೆ ಅದೇ ಗಂಟು. ಆಗ ಅಚ್ಚುಕಟ್ಟಿನವರು ಕೂರುತ್ತಿದ್ದರು. ತೂಬಿನ ಕಲ್ಲಿನ ಎಷ್ಟನೇ ಕಣ್ಣಿನವರೆಗೆ ನೀರಿದೆ ಎಂದು ನೋಡಿ ಮಾತು. ಅರ್ಧ ಕೆರೆಯಿದ್ದರೆ ಅರ್ಧ ಅಚ್ಚುಕಟ್ಟಿಗೆ ನಾಟಿ, ಅದರಲ್ಲಿ ಎಲ್ಲರಿಗೂ ಪಾಲು. ಇನ್ನೂ ಕಮ್ಮಿಯಿದ್ದರೆ ಭತ್ತ ಬಿಟ್ಟು ರಾಗಿ. ತೀರಾ ತಳ ಕಂಡರೆ ತೂಬು ಮುಚ್ಚಿ ದನಕರುಗಳಿಗೆ. ತೀರ್ಮಾನವಾದದ್ದನ್ನು ನಡೆಸುವವನು ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬ ಲೆಕ್ಕ ಅವನ ತಲೆಯಲ್ಲಿ, ಮಡೆ ಕಟ್ಟುವ ಸನಿಕೆ ಅವನ ಹೆಗಲಲ್ಲಿ. ಗದ್ದೆಯ ಒಡೆಯನೇ ಬಂದು ಮಡೆ ಮುಟ್ಟಿದರೂ ಅದು ಕಳ್ಳತನವೇ.

ಇದನ್ನು ರಾಮರಾಜ್ಯವೆಂದು ಹೇಳಲು ನಾನು ಹೊರಟಿಲ್ಲ. ನೀರು ಹಂಚುತ್ತಿದ್ದ ನೀರುಗಂಟಿ ಬಹಳ ಊರುಗಳಲ್ಲಿ ದಲಿತ. ಹಂಚಿದ ನೀರು ಹೋಗುತ್ತಿದ್ದದ್ದು ಬೇರೆಯವರ ಗದ್ದೆಗೆ. ಅವನಿಗೆ ಸುಗ್ಗಿಯಲ್ಲಿ ಕಣದ ಮೂಲೆಯ ಕಾಳು. ಬೇಡವೆಂದರೂ ಬಿಡಲಾಗದ, ಅಪ್ಪನಿಂದ ಮಗನಿಗೆ ಬರುವ ಚಾಕರಿ ಅದು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಅದನ್ನು ತೆಗೆದುಹಾಕಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಎಲ್ಲೆಂದರೆ, ಜೀತವನ್ನು ತೆಗೆಯುವಾಗ ಕೆಲಸವನ್ನೂ ತೆಗೆದುಬಿಟ್ಟೆವು. ಸಂಬಳ, ಸಮವಸ್ತ್ರ, ಪಿಂಚಣಿ ಕೊಟ್ಟು ಆ ಹುದ್ದೆಯನ್ನು ಉಳಿಸಬಹುದಿತ್ತು. ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ, ಪಂಚಾಯಿತಿಗೆ ಹಂಚಿಹೋದವು. ಎಂಜಿನಿಯರು ಬಂದ, ಕಂತ್ರಾಟುದಾರ ಬಂದ, ಹೂಳೆತ್ತುವ ಜೆಸಿಬಿ ಬಂತು. ತೂಬು ಯಾವಾಗ ಎತ್ತಬೇಕೆಂದು ಹೇಳುವವನು ಮಾತ್ರ ಬರಲಿಲ್ಲ. 2000ದ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಲ್ಲಿ ಜಲ ಸಂವರ್ಧನೆ ಯೋಜನೆ ಬಂದು ಕೆರೆ ಬಳಕೆದಾರರ ಸಂಘಗಳಾದವು. ಏರಿ ಗಟ್ಟಿಯಾಯಿತು, ಬೋರ್ಡು ನೆಟ್ಟರು. ಬೋರ್ಡು ಇನ್ನೂ ಇದೆ, ಎಮ್ಮೆ ಮೈ ತಿಕ್ಕಿಕೊಳ್ಳಲು ಅನುಕೂಲ.

2021ರ ನವೆಂಬರನ್ನು ನೆನಪು ಮಾಡಿಕೊಳ್ಳಿ. ಮಳೆ ಹುಯ್ದು ಹುಯ್ದು ವರ್ಷಾನುಗಟ್ಟಲೆ ತುಂಬದಿದ್ದ ಕೆರೆಗಳು ಕೋಡಿ ಬಿದ್ದವು. ಬೇತಮಂಗಲ ಹರಿಯಿತು, ಕೆಳಗೆ ವೆಲ್ಲೂರಿನಲ್ಲಿ ಪಾಲಾರಿಗೆ ಪ್ರವಾಹ ಬಂತು. ನದಿ ಇಲ್ಲ ಎಂದವರೆಲ್ಲ ಏರಿಯ ಮೇಲೆ ನಿಂತು ಸೆಲ್ಫಿ ತೆಗೆದುಕೊಂಡರು. ಎರಡೇ ವರ್ಷ, 2023ಕ್ಕೆ ಮತ್ತೆ ಬರ, ಮತ್ತೆ ಟ್ಯಾಂಕರು, ಮತ್ತೆ ‘ನದಿ ನಾಲೆಗಳಿಲ್ಲದ ಜಿಲ್ಲೆ’. ತುಂಬಿದ ಕೆರೆಯಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಬಳಸಬೇಕು ಎಂದು ಆ ಎರಡು ವರ್ಷದಲ್ಲಿ ಯಾವ ಊರಲ್ಲಿ ಡಂಗುರ ಸಾರಿದರು? ಸಾರುವುದಕ್ಕೆ ಯಾರಿಗೂ ಅಧಿಕಾರವೇ ಇರಲಿಲ್ಲ.

ನಾವು ತಮಿಳುನಾಡಿನವರನ್ನು ಬೈಯುತ್ತೇವೆ, ಮೇಲಿನವರ ಹಕ್ಕು ಎನ್ನುತ್ತೇವೆ. ನಮ್ಮೊಳಗೇ ಪ್ರತಿ ಕೆರೆಯ ಮೇಲೂ ಒಂದು ಕರ್ನಾಟಕ, ಕೆಳಗೂ ಒಂದು ತಮಿಳುನಾಡು ಇದೆ. ಮೇಲಿನ ಊರಿನವರು ಕೋಡಿಗೆ ಮರಳು ಮೂಟೆ ಅಡ್ಡ ಇಡುತ್ತಾರೆ. ಅಂಗಳ ಒತ್ತುವರಿ ಮಾಡಿದವನು ಬೆಳೆ ಮುಳುಗಬಾರದೆಂದು ಅದೇ ಕೋಡಿಯನ್ನು ರಾತ್ರಿ ಒಡೆಯುತ್ತಾನೆ. ಇಲಾಖೆಯವರು ಪೋಷಕ ಕಾಲುವೆಗೆ ಮೊಳಕ್ಕೊಂದು ಚೆಕ್‌ಡ್ಯಾಮ್ ಕಟ್ಟಿ ಬಿಲ್ಲು ಬರೆಯುತ್ತಾರೆ, ಕೆಳಗಿನ ಕೆರೆಗೆ ಹನಿ ಬರುವುದಿಲ್ಲ. ದಿಣ್ಣೆಯ ಮೇಲೆಲ್ಲ ನೀಲಗಿರಿ ನೆಟ್ಟದ್ದಾಯಿತು. 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದೆಂದಿತು, ನೆಟ್ಟದ್ದು ಕಡಿದಷ್ಟೂ ಚಿಗುರುತ್ತಿದೆ. ಒಂದು ಸರಪಳಿಯ ಕೆರೆಗಳೆಲ್ಲ ಸೇರಿ ಒಂದೇ ಜಲಾಶಯ. ಅದನ್ನು ಗ್ರಾಮ ಪಂಚಾಯಿತಿಯ ಗಡಿ ನೋಡಿ ತುಂಡು ಮಾಡಿ, ಒಂದೊಂದು ತುಂಡಿಗೂ ಬೇರೆ ಬೇರೆ ಕಾಮಗಾರಿ ಬರೆದರೆ ನೀರಿಗೆ ಆ ಗಡಿ ಹೇಗೆ ಗೊತ್ತಾಗಬೇಕು?

ನನ್ನ ಸ್ನೇಹಿತರು ಸಿಟ್ಟಾಗುತ್ತಾರೆ. ‘ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳ ಮುಂದೆ ನಿಂತು ನೀರುಗಂಟಿ ಕತೆ ಹೇಳ್ತೀಯಾ? ನಿನ್ನಂಥವರ ಮಾತು ಕೇಳಿದರೆ ಬರೋ ನೀರೂ ನಿಂತುಹೋಗುತ್ತೆ’ ಎನ್ನುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಎತ್ತಿನಹೊಳೆಯ ನೀರು ಬಂದರೆ ನಾನೂ ಕುಡಿಯುವವನೇ. ಆದರೆ ಆ ನೀರಿನ ಯೋಜನೆಯಲ್ಲೇ 527 ಕೆರೆಗಳ ಪಟ್ಟಿ ಇದೆ. ಎಲ್ಲಿಂದ ಬಂದರೂ ಅದು ಬಂದು ಬೀಳುವುದು ಇದೇ ಕೆರೆಗೆ, ಇದೇ ಕಾವಲಿಲ್ಲದ ತೂಬಿಗೆ, ಇದೇ ತೂತು ಬಿದ್ದ ತಳಕ್ಕೆ. ನೂರು ಟಿಎಂಸಿಯನ್ನು ಹಂಚಿಕೊಳ್ಳಲು ಬಾರದವರು ಎರಡೋ ಮೂರೋ ಟಿಎಂಸಿಯನ್ನು ಹೇಗೆ ಹಂಚಿಕೊಂಡಾರು? ಬಡವನ ಬೋರು ಬತ್ತಿ ಫ್ಲೋರೈಡ್ ಏರಿದ್ದಕ್ಕೆ ಪಕ್ಕದ ಆಳದ ಬೋರೂ ಕಾರಣ. ಕೇಂದ್ರ ಅಂತರ್ಜಲ ಮಂಡಳಿ ನಮ್ಮ ತಾಲ್ಲೂಕುಗಳನ್ನು ಅತಿಬಳಕೆಯ ಪಟ್ಟಿಗೆ ಹಾಕಿ ಎಷ್ಟೋ ವರ್ಷವಾಯಿತು. ಪಟ್ಟಿಗೆ ಹಾಕುವುದಕ್ಕೂ ಬಳಕೆಗೆ ಕಡಿವಾಣ ಹಾಕುವುದಕ್ಕೂ ನಡುವೆ ಒಬ್ಬ ಮನುಷ್ಯ ಬೇಕು, ಅವನು ನಮ್ಮಲ್ಲಿ ಇಲ್ಲ.

ಮಾಡಬೇಕಾದ್ದು ದೊಡ್ಡದೇನಲ್ಲ, ಅದಕ್ಕೇ ಯಾರಿಗೂ ಬೇಡ. ದೀಪಾವಳಿ ಕಳೆದ ವಾರ ಪ್ರತಿ ಕೆರೆಯ ಏರಿಯ ಮೇಲೆ ಗ್ರಾಮಸಭೆ ಸೇರಲಿ, ಶಾಮಿಯಾನ ಬೇಡ. ಅಳತೆಗಲ್ಲು ನೋಡಿ ಈ ವರ್ಷ ಇಷ್ಟೇ ಎಕರೆ, ಇಂಥದ್ದೇ ಬೆಳೆ ಎಂದು ಬರೆಯಲಿ. ಏರಿಯ ಕೆಳಗಿನ ಬೋರನ್ನೂ ತೂಬೆಂದೇ ಲೆಕ್ಕ ಹಾಕಿ ಅದಕ್ಕೂ ಸರದಿ ಹಚ್ಚಲಿ. ಭೂಮಿಯಿಲ್ಲದ ಮನೆಯ ಒಬ್ಬ ಹೆಣ್ಣುಮಗಳನ್ನೋ ಗಂಡುಮಗನನ್ನೋ ಸಂಬಳದ ನೀರುಗಂಟಿ ಮಾಡಲಿ, ಮೋಟಾರಿನ ಫ್ಯೂಸು ಕೀಳುವ ಅಧಿಕಾರವನ್ನೂ ಕೊಡಲಿ. ಎತ್ತಿನಹೊಳೆಗೆ ಖರ್ಚಾಗುವ ಹಣದಲ್ಲಿ ಒಂದು ಸಣ್ಣ ಪಾಲು ಸಾಕು.

ಹೋದ ಬೇಸಿಗೆಯಲ್ಲಿ ನಮ್ಮೂರ ಕೆರೆಯ ಹತ್ತಿರ ಹೋಗಿದ್ದೆ. ಅಂಗಳದ ನಡುವೆ ತೂಬಿನ ಎರಡು ಕಲ್ಲುಗಂಬ, ಅಡ್ಡಪಟ್ಟಿಯ ಮೇಲೆ ಸವೆದ ಗಜಲಕ್ಷ್ಮಿ. ಕಂಬಕ್ಕೆ ಯಾರೋ ಪಕ್ಷದ ಬ್ಯಾನರು ಕಟ್ಟಿದ್ದರು, ಅದರ ಮೇಲೆ ‘ಜಿಲ್ಲೆಗೆ ಶಾಶ್ವತ ನೀರು’ ಎಂದಿತ್ತು. ಏರಿಯ ಆಚೆ ರಿಗ್ಗು ಕೊರೆಯುತ್ತಿತ್ತು. ಎಷ್ಟು ಅಡಿಯಾಯಿತು ಎಂದು ಕೇಳಿದೆ. ‘ಸಾವಿರದ ನಾನೂರು’ ಎಂದ ಹುಡುಗ, ಬರೀ ಧೂಳು ಬರುತ್ತಿತ್ತು.